ಕಿವಿಯಲ್ಲಿ ಗೀರಿದ್ದ ಒಂಬತ್ತು ಕುರಿ

ಮೆಹಕರದಲ್ಲಿ ನನ್ನ ಎಡಭುಜಕ್ಕೆ ಬಿದ್ದ ಬಡಿಗೆಯ ಪೆಟ್ಟು ನನಗೆಂದು ಎತ್ತಿದ್ದಲ್ಲ. ಪಕ್ಕದಲ್ಲಿ ನಿಂತಿದ್ದ ಲಸಿಕೆ ಹಾಕುವ ಸಿಬ್ಬಂದಿಗೆ ಎತ್ತಿದ್ದು. ಅವರು ಬಗ್ಗಿದರು, ನಾನು ಬಗ್ಗಲಿಲ್ಲ. ಎರಡನೆಯ ಪೆಟ್ಟು ತಪ್ಪದೆ ಅವರ ತಲೆಗೇ ಬಿತ್ತು. ರಕ್ತ ಹುಬ್ಬಿನಿಂದ ಇಳಿದು ಅಂಗಿಯ ಜೇಬಿನವರೆಗೆ ಹೋಯಿತು. "ಸೂಜಿ ಹಾಕಿ ಕೊಂದ್ರಿ, ಈಗ ನೋಡ್ಲಾಕ ಬಂದೀರೇನು?" ಎಂದು ಹೊಡೆದವನು ಅರಚುತ್ತಿದ್ದ. ಅವನ ಬೆನ್ನ ಹಿಂದೆ ಜೆಸಿಬಿ ತೋಡಿದ ಗುಂಡಿಯಲ್ಲಿ ಕುರಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಗುಂಡಿಯ ದಂಡೆಯಲ್ಲಿ ಇನ್ನೊಬ್ಬ, ಉಸಿರಿಗಾಗಿ ಒದ್ದಾಡುತ್ತಿದ್ದ ಮರಿಗಳನ್ನು ಒಂದೊಂದಾಗಿ ಹಿಡಿದು, ಕೊಡಲಿಯ ಹಿಂಭಾಗದಿಂದ ತಲೆಗೆ ಹೊಡೆದು ಒಳಗೆ ಹಾಕುತ್ತಿದ್ದ. ಅಳುತ್ತಿದ್ದ, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಅದು ಕುರಿ ಸಿಡುಬು. ಭಾಲ್ಕಿ ತಾಲೂಕಿನ ಆ ಗಡಿ ಊರಿನ ಹಿಂಡುಗಳಿಗೆ ಎರಡು ತಿಂಗಳ ಹಿಂದಷ್ಟೇ ಲಸಿಕೆ ಹಾಕಿದ್ದರು. ಹಾಕಿಸಿಕೊಂಡ ಕುರಿಗಳೇ ಸಾಯುತ್ತಿದ್ದವು. ಅದೇ ಲಸಿಕೆಯ ಉಳಿದ ಬಾಟಲಿಗಳು ಬೀದರಿನಲ್ಲಿ ನಮ್ಮ ಪ್ರಯೋಗಾಲಯದ ಶೀತಕೋಣೆಯಲ್ಲಿದ್ದವು. ಮುಂದಿನ ಸರದಿ ಔರಾದ್ ತಾಲೂಕಿನದು. ಲಸಿಕೆ ಕೆಟ್ಟಿದೆಯೋ, ಅಥವಾ ಹಾಕುವ ಮೊದಲೇ ರೋಗ ಹಿಂಡಿನೊಳಗಿತ್ತೋ, ಯಾರಿಗೂ ಗೊತ್ತಿರಲಿಲ್ಲ. ಕೆಟ್ಟದ್ದನ್ನು ಔರಾದಿಗೆ ಕಳಿಸಿದರೆ ಇಂಥದೇ ಗುಂಡಿಗಳು ಅಲ್ಲೂ ಬೀಳುತ್ತವೆ. ಒಳ್ಳೆಯದನ್ನು ತಡೆದರೂ ಬೀಳುತ್ತವೆ. ಇದನ್ನು ಹೇಳಬೇಕಾದವಳು ನಾನು, ರೋಗಪರೀಕ್ಷೆಯ ಪಶುವೈದ್ಯೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನ ಭುಜದ ಬಾವಿನ ಜೊತೆ ಅದನ್ನೂ ಹೊತ್ತುಕೊಂಡು ಬೀದರಿಗೆ ಬಂದೆ.

ಪರೀಕ್ಷೆಯ ಕ್ರಮ ಸರಳ, ಕ್ರೂರ. ಸಿಡುಬು ಕಾಣದ ಹದಿನೈದು ಕುರಿ ತರಬೇಕು. ಹತ್ತಕ್ಕೆ ಲಸಿಕೆ ಹಾಕಬೇಕು, ಐದಕ್ಕೆ ಹಾಕಬಾರದು. ನಾಲ್ಕು ವಾರ ಬಿಟ್ಟು ಹದಿನೈದಕ್ಕೂ ಜೀವಂತ ರೋಗಾಣುವನ್ನು ಚರ್ಮದೊಳಗೆ ಚುಚ್ಚಬೇಕು. ಲಸಿಕೆ ಸರಿಯಿದ್ದರೆ ಹತ್ತು ಉಳಿಯುತ್ತವೆ, ಐದು ಮಲಗುತ್ತವೆ. ಆ ಐದು ಸಾಯುವ ತನಕ ನೋಡಿ ಬರೆದುಕೊಳ್ಳಬೇಕು. ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿ ವಿಜ್ಞಾನಿಯಲ್ಲದ ಹೊರಗಿನವರೊಬ್ಬರು ಇರಲೇಬೇಕು. ನಮ್ಮಲ್ಲಿ ಹೊರಗಿನವರು ಎಂದರೆ ಬೀದರಿನ ಚಿದ್ರಿ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ನಿವೃತ್ತ ತತ್ವಶಾಸ್ತ್ರದ ಅಧ್ಯಾಪಕರು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವರು, ಸಭೆಯಲ್ಲಿ ಕನ್ನಡ. ಸಾಮಾನ್ಯವಾಗಿ ಚಹಾ ಕುಡಿದು ಸಹಿ ಮಾಡುತ್ತಿದ್ದರು. ಈ ಸಲ ಪೆನ್ನು ಮುಚ್ಚಿಟ್ಟರು.

"ಬೇಟಿ, ನಿನ್ನ ಹಿಸಾಬ್ ಬರಾಬ್ಬರಿ ಅದ. ಐದು ಸತ್ರ ಸಾವಿರಾರು ಉಳೀತಾವ. ನಾನು ಮೂವತ್ತು ವರ್ಷ ಕ್ಲಾಸಿನ್ಯಾಗ ಇದೇ ಪಾಠ ಹೇಳೀನಿ. ಉಪಯುಕ್ತತಾವಾದ. ಹೆಚ್ಚು ಜೀವಕ್ಕ ಹೆಚ್ಚು ಹಿತ ಆಗೋದೇ ಸರಿ. ಪಾಠ ಮುಗಿದ ಮ್ಯಾಲ ಕೇಳ್ತಿದ್ದೆ, ಹಿರೋಷಿಮಾದ ಮ್ಯಾಲ ಬಾಂಬ್ ಹಾಕಿದ್ದು ಸರಿ ಏನು ಅಂತ. ಪ್ರತಿ ವರ್ಷ ಮೊದಲನೇ ಬೆಂಚಿನ ಹುಡುಗ ಎದ್ದು ನಿಂತು, ಸರಿ ಸರ್, ಯುದ್ಧ ಜಲ್ದಿ ಮುಗೀತು, ಇನ್ನೂ ಹೆಚ್ಚು ಮಂದಿ ಸಾಯೋದು ತಪ್ಪಿತು ಅಂತಿದ್ದ."

"ನೀವೇನಂತಿದ್ರಿ ಸರ್?"

"ಸಾಯೋದು ತಪ್ಪಿತು ಅಂತೀಯಲ್ಲ, ಅವರನ್ನ ಎಣಿಸಿದವರ್ಯಾರು ಅಂತಿದ್ದೆ. ಸತ್ತವರನ್ನ ಎಣಿಸಬಹುದು. ತಪ್ಪಿಸಿಕೊಂಡವರು ಎಣಿಸೋರ ತಲಿಯಾಗ ಇರ್ತಾರ. ಎಷ್ಟು ಬೇಕೋ ಅಷ್ಟು."

ನನಗೆ ರೇಗಿತು. ಮೆಹಕರದ ಗುಂಡಿಯನ್ನು ಇವರು ನೋಡಿಲ್ಲ, ಇಲ್ಲಿ ಕೂತು ಜಪಾನಿನ ಕಥೆ ಹೇಳುತ್ತಿದ್ದಾರೆ ಎನಿಸಿತು. "ಸರ್, ಬಾಂಬ್ ಹಾಕಿದ್ದು ಶತ್ರುಗಳ ಮೇಲೆ. ನಾನು ಕುರಿ ಕೊಲ್ಲೋದು ಕುರಿಗಳಿಗೋಸ್ಕರ" ಎಂದೆ.

"ಯಾವ ಕುರಿಗೋಸ್ಕರ? ಸಾಯೋ ಐದಕ್ಕ ಏನು ಸಿಗ್ತದ?"

"ನೀವು ಶುಕ್ರವಾರ ಮಟನ್ ತಿನ್ನಲ್ಲೇನು?"

"ತಿಂತೇನಿ. ತಿನ್ನೋದಕ್ಕ ಹಿಸಾಬಿನ ಸಬೂಬು ಹೇಳಂಗಿಲ್ಲ" ಎಂದು ನಕ್ಕರು. ಆಮೇಲೆ ಗಂಭೀರವಾಗಿ ಎರಡು ಶರತ್ತು ಹಾಕಿದರು. ಕುರಿ ಮೇಲೇಳಲಾಗದಂತೆ ಮಲಗಿದ ಮೇಲೆ ಸಾವಿಗಾಗಿ ಕಾಯಬಾರದು, ಆಗಲೇ ಮುಗಿಸಬೇಕು. ಮತ್ತು ಪ್ರಯೋಗಕ್ಕೆ ಸಹಿ ಮಾಡಿದವರು ಕೊನೆಯವರೆಗೂ ಅಲ್ಲೇ ಇರಬೇಕು. ಬಾಂಬಿಗೆ ಸಹಿ ಹಾಕಿದವರು ಆ ಊರಿನಲ್ಲಿ ಇರಲಿಲ್ಲ ಎಂದರು. ಮೊದಲನೆಯದನ್ನು ಸಮಿತಿ ಬಹುಮತದಿಂದ ತಳ್ಳಿಹಾಕಿತು. ಸಾವಿನ ದಿನಾಂಕ ದಾಖಲಾಗದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ ಎಂದರು ನಮ್ಮ ನಿರ್ದೇಶಕರು. ನಾನೂ ಕೈ ಎತ್ತಿದ್ದು ನಿರ್ದೇಶಕರ ಕಡೆಗೇ. ಎರಡನೆಯದಕ್ಕೆ ಒಪ್ಪಿದೆ. "ನಾನು ಅಲ್ಲೇ ಇರ್ತೀನಿ, ನೀವೂ ಬನ್ನಿ" ಎಂದು ಸವಾಲು ಹಾಕಿದೆ. ಅವರು ಬಂದೇ ಬಿಡುತ್ತಾರೆಂದು ಎಣಿಸಿರಲಿಲ್ಲ.

ಕುರಿ ಕೊಟ್ಟವನು ಔರಾದ್ ತಾಲೂಕಿನ ಚಿಂತಾಕಿಯ ಒಬ್ಬ ಕುರಿಗಾರ. ಅವನ ಮಗಳನ್ನು ಕೊಟ್ಟದ್ದು ಮೆಹಕರಕ್ಕೆ. ಬೀಗರ ಹಿಂಡು ಪೂರ್ತಿ ಗುಂಡಿಗೆ ಹೋಗಿತ್ತು. ಹಾಗಾಗಿ ಕೇಳಿದ ಕೂಡಲೇ ಒಂದೇ ವಯಸ್ಸಿನ ಹದಿನೈದನ್ನು ಬೇರೆ ಮಾಡಿ ನಿಲ್ಲಿಸಿದ. "ಲಸಿಕಿ ಖರೆ ಅದನೋ ಖೋಟಾ ಅದನೋ ನನಗ ತಿಳೀಬೇಕ್ರಿ. ನನ್ನ ಹಿಂಡಿಗೂ ಅದೇ ಬರ್ತದಲ್ಲ" ಎಂದ. ಲಸಿಕೆ ಹಾಕಿಸಿದ್ದೀಯಾ, ಹಿಂಡಿಗೆ ಸಿಡುಬು ಬಂದಿತ್ತಾ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲವೆಂದ. ಎಲ್ಲದರ ರಕ್ತ ಪರೀಕ್ಷೆ ಮಾಡಿದೆವು, ರೋಗದ ಸುಳಿವು ಸಿಗಲಿಲ್ಲ. ಅವನ ಮನೆತನದ ಗುರುತಾಗಿ ಕಿವಿಯ ತುದಿ ಸೀಳಿತ್ತು, ಇಲ್ಲಿನ ಹಿಂಡುಗಳಲ್ಲಿ ಅದು ಇದ್ದದ್ದೇ. ಆ ಸೀಳಿನ ಪಕ್ಕದಲ್ಲೇ ನಾನು ನಂಬರಿನ ಬಿಲ್ಲೆ ಹೊಡೆದೆ.

ನಾಲ್ಕು ವಾರಗಳ ನಂತರ ರೋಗಾಣು ಹೊರತೆಗೆದೆವು. ಅದು ಇರುವುದು ಎರಡು ಬೀಗ ಹಾಕಿದ ಡೀಪ್ ಫ್ರೀಜರಿನಲ್ಲಿ. ಒಂದು ಕೀಲಿ ನನ್ನ ಬಳಿ, ಇನ್ನೊಂದು ನಿರ್ದೇಶಕರ ಬಳಿ. ಅಧ್ಯಾಪಕರು ಇಡೀ ಮೈ ಮುಚ್ಚುವ ನಿಲುವಂಗಿ ತೊಟ್ಟು, ಗಮ್‌ಬೂಟಿನಲ್ಲಿ ತಡಬಡಿಸುತ್ತ ಬಂದು ಅದನ್ನು ನೋಡಿದರು.

"ಇಂಥಾ ಚೀಜ್ ಯಾಕ ಇಟ್ಟೀರಿ?"

"ರೋಗ ಬರಬಾರದು ಅಂತ, ಸರ್."

"ಅಣುಬಾಂಬ್ ಇಟ್ಟವರೂ ಹಿಂಗೇ ಅಂತಾರ. ಯುದ್ಧ ಆಗಬಾರದು ಅಂತೇ ಇಟ್ಟೇವಿ ಅಂತಾರ. ಬೀಗನೂ ಎರಡೇ" ಎಂದರು.

ಉತ್ತರ ಇತ್ತು, ಕೈಯಲ್ಲಿ ಸೂಜಿಯೂ ಇತ್ತು. ಪಕ್ಕೆಯ ಉಣ್ಣೆ ಬೋಳಿಸಿ, ಹದಿನೈದಕ್ಕೂ ಚುಚ್ಚಿದೆ.

ನಾಲ್ಕನೆಯ ದಿನ ಜ್ವರ ಏರಿತು. ಆರನೆಯ ದಿನ ತುಟಿ, ಬಾಲದಡಿ, ಕೆಚ್ಚಲಿನ ಮೇಲೆ ಗಂಟುಗಳೆದ್ದವು. ಏಳನೆಯ ದಿನ ಕಣ್ಣುಗಳು ಕೀವಿನಿಂದ ಅಂಟಿಕೊಂಡವು. ರೋಗ ಹಿಡಿದದ್ದು ಆರು ಕುರಿಗಳಿಗೆ. ಲಸಿಕೆ ಇಲ್ಲದ ಐದರಲ್ಲಿ ಎರಡಕ್ಕೆ, ಲಸಿಕೆ ಹಾಕಿದ ಹತ್ತರಲ್ಲಿ ನಾಲ್ಕಕ್ಕೆ. ಉಳಿದ ಒಂಬತ್ತು ಏನೂ ಆಗದಂತೆ ಮೇವು ತಿನ್ನುತ್ತಿದ್ದವು. ಇದಕ್ಕಿಂತ ಕೆಟ್ಟ ಫಲಿತಾಂಶ ಇರಲಾರದು. ಎರಡು ಗುಂಪಿನಲ್ಲೂ ಬಿದ್ದ ಪಾಲು ಒಂದೇ. ಲಸಿಕೆಯೇ ನೀರೋ, ರೋಗಾಣುವಿನಲ್ಲಿ ದಮ್ಮಿಲ್ಲವೋ ತಿಳಿಯುವಂತಿರಲಿಲ್ಲ. ಲಸಿಕೆ ಇಲ್ಲದ ಮೂರು ಗಟ್ಟಿಮುಟ್ಟಾಗಿ ನಿಂತಿದ್ದರೆ ಆ ಪರೀಕ್ಷೆಯನ್ನು ಯಾರು ನಂಬುತ್ತಾರೆ?

ಒಂಬತ್ತನೆಯ ದಿನ ಲಸಿಕೆ ಇಲ್ಲದ ಒಂದು ಕುರಿ ನೆಲಕ್ಕೆ ಬಿತ್ತು. ಶ್ವಾಸಕೋಶದಲ್ಲಿ ಗಂಟು ತುಂಬಿದ್ದವು. ಒಂದೊಂದು ಉಸಿರಿಗೂ ಕುತ್ತಿಗೆ ಚಾಚಿ, ಬಾಯಿ ಬಿಟ್ಟು, ತಲೆಯನ್ನು ನೆಲಕ್ಕೆ ಬಡಿಯುತ್ತಿತ್ತು. ಮೂಗಿನಿಂದ ರಕ್ತ ಬೆರೆತ ಸಿಂಬಳ ಸುರಿಯುತ್ತಿತ್ತು. ನಿರ್ದೇಶಕರಿಗೆ ಫೋನು ಮಾಡಿದೆ. "ಕಾಯಿರಿ, ಸಾವು ದಾಖಲಾಗಬೇಕು" ಎಂದರು. ಕಾದೆ. ಅಧ್ಯಾಪಕರು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಒಂದಾದರೂ ಚುಚ್ಚುಮಾತು ಆಡಿದ್ದರೆ ಅವರ ಮೇಲೆ ಕೂಗಾಡಿ ಹಗುರಾಗಬಹುದಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೂ ಅದು ತಲೆ ಬಡಿದುಕೊಂಡೇ ಇತ್ತು. ಹಣೆಯ ಚರ್ಮ ಸುಲಿದು ಎಲುಬು ಕಂಡಿತು. ನನಗೆ ಮೆಹಕರದ ಕೊಡಲಿಯವನು ನೆನಪಾದ. ಅವನು ನನಗಿಂತ ಒಳ್ಳೆಯವನು ಎಂದು ಮೊದಲ ಸಲ ಅನಿಸಿತು, ನಾಚಿಕೆಯಾಯಿತು. ಎದ್ದು ಹೋಗಿ ಅರಿವಳಿಕೆ ಔಷಧಿ ತುಂಬಿಕೊಂಡು ಬಂದು ಕುತ್ತಿಗೆಯ ರಕ್ತನಾಳಕ್ಕೆ ಪೂರ್ತಿ ಇಳಿಸಿದೆ. ಸಾವಿನ ಕಾಲಂನಲ್ಲಿ ಸಮಯ ಬರೆದು, ಪಕ್ಕದಲ್ಲಿ "ನಾನು ಕೊಂದೆ" ಎಂದು ಬರೆದು ಸಹಿ ಹಾಕಿದೆ.

ಮರುದಿನ ನಿರ್ದೇಶಕರು ಹಾರಾಡಿದರು. ಆಮೇಲೆ ಸಮಾಧಾನ ಮಾಡಿಕೊಂಡು ಹೊಸ ಯೋಜನೆ ಹೇಳಿದರು. ಚಿಂತಾಕಿಯಿಂದ ಇನ್ನೂ ಮೂವತ್ತು ಕುರಿ ತರುವುದು, ರೋಗಾಣುವಿನ ಪ್ರಮಾಣ ಹತ್ತುಪಟ್ಟು ಮಾಡುವುದು. ಅವರದು ತಪ್ಪು ಯೋಚನೆಯೇನಲ್ಲ. ಪುಸ್ತಕವೂ ಹಾಗೇ ಹೇಳುತ್ತದೆ. ಅಧ್ಯಾಪಕರಿಗೆ ತಿಳಿಸಿದಾಗ ಕನ್ನಡಕ ಒರೆಸಿಕೊಂಡು, "ಹಿರೋಷಿಮಾ ಆದ ಮ್ಯಾಲ ಮೂರನೇ ದಿನಕ್ಕ ನಾಗಾಸಾಕಿ ಆಯ್ತು ಬೇಟಿ" ಎಂದಷ್ಟೇ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಔರಾದಿಗೆ ಹೊರಟೆ.

ಚಿಂತಾಕಿಗೆ ಹೋಗುವಂತಿರಲಿಲ್ಲ. ರೋಗದ ಕೋಣೆಯಿಂದ ಬಂದವರು ಹಿಂಡಿನ ಹತ್ತಿರ ಸುಳಿಯಬಾರದು. ಸಾಬೂನು ಹಚ್ಚಿ ತಲೆಗೆ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು, ಔರಾದ್ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಕುರಿಗಾರನನ್ನು ಕರೆಸಿಕೊಂಡೆ. ಟೇಬಲ್ಲಿನ ಆ ತುದಿಯಲ್ಲಿ ಕೂರಿಸಿದೆ. ನಡೆದದ್ದನ್ನು ಹೇಳಿ, ಮೂವತ್ತು ಬೇಕು ಎಂದೆ.

ಅವನು ಚಹಾದ ಬಸಿಯನ್ನು ಕೆಳಗಿಟ್ಟ. "ಒಂಬತ್ತಕ್ಕ ಏನೂ ಆಗಿಲ್ಲೇನ್ರಿ?"

"ಇಲ್ಲ."

"ಅವುಗಳ ಕಿವಿ ನೋಡಿದ್ರೇನ್ರಿ?"

"ಕಿವಿಯಲ್ಲೇನಿದೆ?"

ಅವನು ತಲೆ ತಗ್ಗಿಸಿ ಹೇಳಿದ. "ನಮ್ಮ ಹಿರೇರ ಕಾಲದಿಂದ ಮಾಡ್ತೇವ್ರಿ. ಎಲ್ಲ್ಯಾರ ಸಿಡುಬು ಬಂದದ ಅಂತ ಸುದ್ದಿ ಬಂದ್ರ, ಆ ಕುರಿ ಮೈಮ್ಯಾಲಿನ ಹಕ್ಕಳಿ ತಂದು ಒಣಗಿಸಿ ಪುಡಿ ಮಾಡ್ತೇವ್ರಿ. ಮರಿ ಕಿವಿ ಗೀರಿ ಆ ಪುಡಿ ತಿಕ್ತೇವ್ರಿ. ಕಿವಿಗಷ್ಟೇ ಬಾವು ಬರ್ತದ, ನಾಕು ದಿನ ಜ್ವರ ಇರ್ತದ. ಮುಂದ ಅದಕ್ಕ ಸಿಡುಬು ಬರಂಗಿಲ್ರಿ. ಹೋದ ವರ್ಷ ಗೀರೀನಿ. ಪುಡಿ ಮುಗೀತು, ಎಲ್ಲಕ್ಕ ಆಗಲಿಲ್ಲ."

"ಎರಡು ಸಲ ಕೇಳಿದ್ನಲ್ಲ! ಯಾಕೆ ಹೇಳಲಿಲ್ಲ?" ಎಂದು ಟೇಬಲ್ ಗುದ್ದಿದೆ. ಹೋಟೆಲಿನವರೆಲ್ಲ ತಿರುಗಿ ನೋಡಿದರು.

"ಹ್ಯಾಂಗ ಹೇಳಲ್ರಿ ಮೇಡಂ? ಹಿಂದಕ ಒಬ್ಬರು ಸಾಹೇಬರು ಬಂದು, ರೋಗ ಹಬ್ಬಿಸ್ತೀರಿ, ಕೇಸ್ ಹಾಕಿ ಒಳಗ ಹಾಕ್ತೇನಿ ಅಂದಿದ್ರು. ಅದಕ್ಕ ಬಾಯಿ ಮುಚ್ಚಿಕೊಂಡೆ." ಮತ್ತೆ ಸೇರಿಸಿದ. "ನೀವೇ ಕಿವಿ ಹಿಡದು ಬಿಲ್ಲಿ ಹೊಡದ್ರಲ್ರಿ. ಕಂಡಿರ್ತದ ಅಂತ ತಿಳಕೊಂಡಿದ್ದೆ."

ಕಂಡಿತ್ತು. ಹದಿನೈದು ಕಿವಿಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. ಎಲ್ಲವನ್ನೂ ಮನೆತನದ ಗುರುತು ಎಂದುಕೊಂಡೆ. ಸಿಡುಬು ಗೆದ್ದ ಕುರಿಯ ರಕ್ತದಲ್ಲಿ ಕೆಲವು ತಿಂಗಳ ನಂತರ ಅದರ ಸುಳಿವು ಸಿಗದೆ ಹೋಗಬಹುದು, ಆದರೂ ರಕ್ಷಣೆ ಉಳಿದಿರುತ್ತದೆ ಎಂಬುದನ್ನು ಓದಿದ್ದೆ. ಓದಿದ್ದು ಪರೀಕ್ಷೆ ಬರೆಯಲು, ಆಮೇಲೆ ಮರೆತಿದ್ದೆ.

ಬೀದರಿಗೆ ಬಂದವಳೇ ನಿಲುವಂಗಿ ಏರಿಸಿ, ಟಾರ್ಚ್ ಹಿಡಿದು ಕಿವಿಗಳನ್ನು ಒಂದೊಂದಾಗಿ ನೋಡಿದೆ. ಸೀಳಿನ ಕೆಳಗೆ, ಕೂದಲ ಮರೆಯಲ್ಲಿ, ಉಗುರಿನಷ್ಟು ಉದ್ದದ ಗಟ್ಟಿ ಗೀರು. ನೆಟ್ಟಗೆ ನಿಂತಿದ್ದ ಒಂಬತ್ತರ ಕಿವಿಯಲ್ಲೂ ಇತ್ತು. ಮಲಗಿದ್ದ ಐದರ ಕಿವಿಯಲ್ಲಿ ಇರಲಿಲ್ಲ. ಸತ್ತದ್ದರ ತಲೆಯನ್ನು ಪರೀಕ್ಷೆಗೆಂದು ಶೀತಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ತೆಗೆದು ನೋಡಿದೆ, ಅದರಲ್ಲೂ ಇರಲಿಲ್ಲ. ಅಂದರೆ ಈ ರೋಗಕ್ಕೆ ನಿಜವಾಗಿ ಹೊಸದಾಗಿದ್ದದ್ದು ಆರು ಕುರಿ. ಅವುಗಳಲ್ಲಿ ನಾಲ್ಕಕ್ಕೆ ನಮ್ಮ ಲಸಿಕೆ ಬಿದ್ದಿತ್ತು. ನಾಲ್ಕನ್ನೂ ಅದು ಕಾಯಲಿಲ್ಲ. ಎಲ್ಲೋ ದಾರಿಯಲ್ಲಿ, ಯಾವುದೋ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗಿ ಲಸಿಕೆ ಸತ್ತಿರಬೇಕು.

ಮಲಗಿದ್ದ ಐದನ್ನೂ ಅವತ್ತೇ ಮುಗಿಸಿದೆ. ಯಾರಿಗೂ ಫೋನು ಮಾಡಲಿಲ್ಲ. ಹೊಟ್ಟೆ, ಎದೆ ಸೀಳಿ ನೋಡಿದೆ. ಐದರ ಶ್ವಾಸಕೋಶದಲ್ಲೂ ಅದೇ ಬಿಳಿ ಗಂಟುಗಳು. ಲಸಿಕೆ ಬಿದ್ದದ್ದಕ್ಕೂ ಬೀಳದ್ದಕ್ಕೂ ಕಿಂಚಿತ್ತೂ ವ್ಯತ್ಯಾಸವಿರಲಿಲ್ಲ.

ಲಸಿಕೆಯನ್ನು ತಿರಸ್ಕರಿಸುವ ವರದಿ ಬರೆದೆ. ಸಹಿ ಮಾಡುವ ಮುಂಚೆ ಅಧ್ಯಾಪಕರಿಗೆ ತೋರಿಸಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಅವರು ಓದಿ ಮುಗಿಸಿ, "ಮೂವತ್ತು ಕುರಿ ಉಳೀತಾವ ಅಂತ ಸಹಿ ಮಾಡ್ತಿದ್ರ ಬ್ಯಾಡ ಬೇಟಿ. ಪುರಾವಾ ಸಾಕು ಅಂತ ಅನಿಸಿದ್ರ ಮಾಡು. ನಿನ್ನ ಮಾತು ತಪ್ಪಾದ್ರ ಔರಾದಿನ ಹಿಂಡು ಲಸಿಕಿ ಇಲ್ದೇ ಸಾಯ್ತಾವ. ಅವೂ ಹಿಸಾಬಿನ್ಯಾಗ ಅವ" ಎಂದರು. ಇಡೀ ರಾತ್ರಿ ಅದನ್ನೇ ತಿರುಗಾಮುರುಗಾ ಯೋಚಿಸಿದೆ. ಬೆಳಿಗ್ಗೆ ಸಹಿ ಮಾಡಿದೆ.

"ಆರು ಕುರಿ ಮತ್ತೆ ಒಂದು ಗೀರು. ಇಷ್ಟರ ಮೇಲೆ ತಿರಸ್ಕರಿಸ್ತೀರಾ?" ಎಂದರು ನಿರ್ದೇಶಕರು.

"ಹೌದು ಸರ್."

"ತಪ್ಪಾದರೆ?"

"ನನ್ನ ಹೆಸರಿನ ಮೇಲೆಯೇ ಬರಲಿ."

ಅವರು ವರದಿಯನ್ನು ಇನ್ನೊಮ್ಮೆ ಓದಿ ತಾವೂ ಸಹಿ ಹಾಕಿದರು. ಲಸಿಕೆಯ ಬಾಟಲಿಗಳನ್ನು ನಾಶಪಡಿಸಲು ಆದೇಶವಾಯಿತು. ಹೊಸದು ತರಿಸಲು ಪತ್ರ ಹೋಯಿತು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಇನ್ನೂ ಒಂಬತ್ತು ಕುರಿ ಉಳಿದಿದ್ದವಲ್ಲ. ಜೀವಂತ ರೋಗಾಣು ಚುಚ್ಚಿಸಿಕೊಂಡ ಪ್ರಾಣಿ ಆ ಕೋಣೆಯಿಂದ ಹೊರಗೆ ಹೋಗುವಂತಿಲ್ಲ. ತಾನು ಗಟ್ಟಿಯಾಗಿದ್ದರೂ ಉಣ್ಣೆಯಲ್ಲಿ, ಚುಚ್ಚಿದ ಕಡೆ ಎದ್ದ ಹಕ್ಕಳೆಯಲ್ಲಿ ರೋಗ ಹೊತ್ತಿರಬಹುದು. ಪ್ರಯೋಗ ಮುಗಿದ ಮೇಲೆ ಎಲ್ಲವನ್ನೂ ಕೊಂದು ಭಟ್ಟಿಯಲ್ಲಿ ಸುಡಬೇಕೆಂದು ಮೊದಲ ಪುಟದಲ್ಲೇ ಬರೆದಿತ್ತು. ಬರೆದವಳು ನಾನೇ. ಆಗ ಉಳಿಯುವವು ಬರೀ ನಂಬರುಗಳಾಗಿದ್ದವು. ಈಗ ಆರು ವಾರ ಕೈಯಾರೆ ಮೇವು ಹಾಕಿದ್ದೆ.

ಅಧ್ಯಾಪಕರು ಬೇಡವೆನ್ನುತ್ತಾರೆ, ಅವರ ಹೆಗಲ ಮೇಲೆ ಭಾರ ಹಾಕಿ ತಪ್ಪಿಸಿಕೊಳ್ಳಬಹುದು ಎಂಬ ಆಸೆ ನನಗಿತ್ತು. ಅವರು ಕೊಟ್ಟಿಗೆಯ ಕಿಟಕಿಯಿಂದ ಒಂಬತ್ತನ್ನೂ ನೋಡಿದರು. "ಇದಕ್ಕ ನಾನೂ ಹ್ಞೂಂ ಅಂತೇನಿ" ಎಂದರು. "ಮೂವತ್ತು ವರ್ಷ ಆ ಬೆಂಚಿನ ಹುಡುಗರನ್ನ ಬಾಯಿ ಮುಚ್ಚಿಸಿದೆ. ಇವತ್ತು ನಾನೇ ಅವರ ಹಂಗ ಮಾತಾಡ್ಲಾಕ ಹತ್ತೀನಿ. ಇವನ್ನ ಬಿಟ್ರ ಚಿಂತಾಕಿ ಹಿಂಡೆಲ್ಲ ಹೋಗ್ತದ." ನಿಲುವಂಗಿ ತೊಡಲು ಹೋದರು. "ಹಿಡೀಲಾಕ ಯಾರಾರ ಬೇಕಲ್ಲ" ಎಂದರು.

ಕುರಿಗಾರನಿಗೆ ಮೊದಲೇ ತಿಳಿಸಿದ್ದೆ. ಅವನು ಮೊದಲ ಬಸ್ಸಿಗೇ ಬಂದು ಗೇಟಿನ ಹೊರಗೆ ನಿಂತಿದ್ದ. ಒಂದನ್ನು ಮಾತ್ರ ಬಿಟ್ಟುಕೊಡಿ ಎಂದ, ಹನ್ನೊಂದನೆಯ ನಂಬರಿನದು. ತಾಯಿ ಸತ್ತ ಮರಿಯಂತೆ, ಮನೆಯಲ್ಲಿ ಮೇಕೆಯ ಹಾಲು ಬಾಟಲಿಯಲ್ಲಿ ಕುಡಿಸಿ ಬೆಳೆಸಿದ್ದಂತೆ. ಆಗುವುದಿಲ್ಲ ಎಂದೆ. ಹಂಗಾದರೆ ತಾನೇ ಹಿಡಿಯುತ್ತೇನೆ, ಒಳಗೆ ಬಿಡಿ ಎಂದ. ಅದೂ ಆಗುವುದಿಲ್ಲ, ನಿನ್ನ ಮನೆಯಲ್ಲಿ ಹಿಂಡು ಇದೆ ಎಂದೆ. ಅವನು ಬೇವಿನ ಮರದ ಕೆಳಗೆ ಹೋಗಿ ಕುಳಿತ.

ರೋಗದಿಂದ ಬಿದ್ದ ಕುರಿ ಹಿಡಿದಾಗ ಒದ್ದಾಡುವುದಿಲ್ಲ. ಗಟ್ಟಿ ಕುರಿ ಒದ್ದಾಡುತ್ತದೆ. ಮೊದಲನೆಯದು ಅಧ್ಯಾಪಕರನ್ನು ಗೋಡೆಗೆ ತಳ್ಳಿತು, ಅವರ ಕನ್ನಡಕ ಒಡೆಯಿತು. ಸೂಜಿ ಜಾರಿ ರಕ್ತ ನನ್ನ ಮುಖಗವಚದ ಮೇಲೆ ಚಿಮ್ಮಿತು. ಎರಡನೆಯದನ್ನು ಮಂಡಿಯ ಕೆಳಗೆ ಅದುಮಿ ಹಿಡಿದೆವು. ಮೂರನೆಯದರ ಹೊತ್ತಿಗೆ ಉಳಿದವು ಮೂಲೆಗೆ ಒತ್ತಿಕೊಂಡು, ಒಂದರ ಬೆನ್ನ ಮೇಲೊಂದು ಹತ್ತುತ್ತ ಅರಚತೊಡಗಿದವು. ಅಧ್ಯಾಪಕರು ಒಂದೊಂದರ ತಲೆಯನ್ನೂ ಎದೆಗೆ ಒತ್ತಿ ಹಿಡಿದು, ಅದರ ಕಿವಿಯಲ್ಲಿ ಉರ್ದುವಿನಲ್ಲಿ ಏನೋ ಹೇಳುತ್ತಿದ್ದರು. ಏನೆಂದು ನಾನು ಕೇಳಲಿಲ್ಲ. ಒಂಬತ್ತೂ ಮುಗಿಯುವಾಗ ಇಬ್ಬರ ಬೂಟುಗಳೂ ಹಿಕ್ಕೆ, ಮೂತ್ರ, ರಕ್ತದಲ್ಲಿ ಜಾರುತ್ತಿದ್ದವು. ನಾವು ಮಾಡಿದ್ದು ಸರಿಯೇ ಆಗಿತ್ತು. ಇನ್ನೊಮ್ಮೆ ಬಂದರೂ ಅದನ್ನೇ ಮಾಡುತ್ತೇನೆ. ಹಾಗಿದ್ದೂ ಸ್ನಾನದ ಕೋಣೆಯಲ್ಲಿ ನೀರು ಬಿಟ್ಟುಕೊಂಡು ಗಟ್ಟಿಯಾಗಿ ಅತ್ತೆ.

ಗೇಟಿಗೆ ಬಂದಾಗ ಭಟ್ಟಿಯ ಹೊಗೆ ಏಳುತ್ತಿತ್ತು. ಕುರಿಗಾರ ಎದ್ದು ನಿಂತ. ನಾನು ಐದಾರು ಮಾರು ದೂರದಲ್ಲೇ ನಿಂತೆ.

"ಒಂಬತ್ತೂ ಆಯ್ತೇನ್ರಿ?"

"ಆಯ್ತು."

"ನಿಮ್ಮ ಪರೀಕ್ಷಾದಾಗ ಪಾಸಾದವನ್ನೂ ಬಿಡಲಿಲ್ಲ ನೀವು" ಎಂದ. ಬೈಗುಳವಾಗಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೊಸಾ ಲಸಿಕಿ ಯಾವಾಗ ಬರ್ತದ್ರಿ?"

"ಎರಡು ತಿಂಗಳಾಗಬಹುದು. ನಾನೇ ಬಂದು ಹಾಕ್ತೀನಿ."

ತಲೆಯಾಡಿಸಿದ. ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ಹೊರಡುವವನಂತೆ ತಿರುಗಿ, ಮತ್ತೆ ನಿಂತ.

"ಆ ಹನ್ನೊಂದನೇದು ಭಾಳ ತ್ರಾಸ ಕೊಡ್ತೇನ್ರಿ? ಓಡ್ಯಾಡ್ತೇನು?"

"ಇಲ್ಲ" ಎಂದೆ. "ಉಳಿದವೆಲ್ಲ ಮೂಲೆಗೆ ಸೇರಿದ್ದವು. ಅದೊಂದು ಮಾತ್ರ ಕೈ ಚಾಚಿ ಕರೆದ ಕೂಡಲೇ ತಾನಾಗಿ ಬಂತು."

"ಬರ್ತದ್ರಿ" ಎಂದ ಅವನು. "ಕರದ್ರ ಬರಬೇಕಂತ ಅದಕ್ಕ ನಾನೇ ಕಲಿಸೀನಿ."